ಮೊಲೊಕಾಯಿಯ ಬಂಡೆಗಳ ಬುಡದಲ್ಲಿ
ಪೆಸಿಫಿಕ್ ಸಾಗರದ ಹವಾಯಿ ದ್ವೀಪಸಮೂಹದಲ್ಲಿ ಮೊಲೊಕಾಯಿ ಅಗ್ನಿಪರ್ವತಗಳಿಂದ ಉದ್ಭವಿಸಿದ ದ್ವೀಪ. ಪಶ್ಚಿಮದಲ್ಲಿ ಒಣ ಬಯಲು, ಪೂರ್ವದಲ್ಲಿ ಮಳೆಕಾಡಿನ ಕಣಿವೆಗಳು, ಉತ್ತರದಲ್ಲಿ ಕಡಲಿನಿಂದ ಸುಮಾರು 3,000 ಅಡಿ ಎತ್ತರಕ್ಕೆದ್ದ ಬಂಡೆಗೋಡೆ. ಅದರ ಬುಡದಲ್ಲಿ, ತರುವಾಯ ಉಕ್ಕಿದ ಲಾವಾರಸದಿಂದ ಉಂಟಾದ ಚಪ್ಪಟೆ ಭೂಭಾಗವೇ ಕಲಾವುಪಾಪಾ.

ಮೂರು ಕಡೆ ಸಮುದ್ರ, ಹಿಂದೆ ಬಂಡೆ. ತಪ್ಪಿಸಿಕೊಳ್ಳಲಾಗದ ಸ್ಥಳವೆಂದೇ ಹವಾಯಿ ಸರಕಾರವು 1866ರಿಂದ ಕುಷ್ಠರೋಗಿಗಳನ್ನು ಅಲ್ಲಿಗೆ ಸಾಗಿಸಿತು. 1873ರಲ್ಲಿ ಬೆಲ್ಜಿಯಂನ ಫಾದರ್ ಡೇಮಿಯನ್ ಸ್ವಇಚ್ಛೆಯಿಂದ ಅಲ್ಲಿಗೆ ತೆರಳಿ ರೋಗಿಗಳ ವ್ರಣ ತೊಳೆದರು, ಮನೆ ಕಟ್ಟಿದರು, ಮೃತರಿಗೆ ಶವಪೆಟ್ಟಿಗೆ ತಯಾರಿಸಿದರು. ಅದೇ ರೋಗ ತಗುಲಿ 1889ರ ಏಪ್ರಿಲ್ 15ರಂದು ದೈವಾಧೀನರಾದ ಅವರನ್ನು 2009ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಸಂತರೆಂದು ಘೋಷಿಸಿದರು.

ಇಂದು ಕುಷ್ಠವು ಗುಣವಾಗುವ ರೋಗ. ಆದರೂ ರೋಗಭಯದಿಂದ ನಾವು ದೂರವಿಟ್ಟವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರ ಬಾಗಿಲು ತಟ್ಟಲು ನಾವು ಯಾವ ಬಂಡೆಯನ್ನೂ ಇಳಿಯಬೇಕಾಗಿಲ್ಲ.