ಗಡಿ ಕಾಯುವ ನೇರಳೆ ಎಲೆ

ಬೆಂಗಳೂರಿನ ನರ್ಸರಿಗಳಲ್ಲಿ ಕಡುನೇರಳೆ ಎಲೆಯ ಒಂದು ಗಿಡ ತಪ್ಪದೆ ಕಣ್ಣಿಗೆ ಬೀಳುತ್ತದೆ. ನೆಟ್ಟಗಿನ ಕಾಂಡ, ತುದಿಯಲ್ಲಿ ಕತ್ತಿಯಂಥ ಎಲೆಗಳ ಗೊಂಚಲು, ಚಿಗುರು ಮಾತ್ರ ಗುಲಾಬಿ. ಡ್ರಸೀನಾ ಎಂದು ಹೇಳಿ ಮಾರುವವರೂ ಇದ್ದಾರೆ. ಅದು ಇದೇ ಕುಟುಂಬದ ಬೇರೆ ಗಿಡ. ಇದು ಕಾರ್ಡಿಲೈನ್ ಫ್ರುಟಿಕೋಸ.

ನಮಗೆ ಇದು ಬಾಗಿಲ ಮುಂದಿನ ಅಲಂಕಾರ. ನ್ಯೂಗಿನಿ, ಇಂಡೊನೇಷ್ಯಾ, ಫಿಲಿಪ್ಪೀನ್ಸಿನ ಬೆಟ್ಟದೂರುಗಳಲ್ಲಿ ಇದೇ ಜಮೀನಿನ ಗಡಿ. ಗೇಣುದ್ದದ ಕಾಂಡ ಚುಚ್ಚಿದರೂ ಬೇರು ಬಿಡುತ್ತದೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಹಸಿರಿನ ನಡುವೆ ದೂರದಿಂದಲೇ ಕಾಣುತ್ತದೆ. ಗಡಿಕಲ್ಲನ್ನಾದರೆ ರಾತ್ರೋರಾತ್ರಿ ಸರಿಸಬಹುದು. ಬೇರೂರಿದ ಗಿಡ ಕಿತ್ತವನ ಗುಟ್ಟು ಬೆಳಗಾದರೆ ರಟ್ಟು.

ಪಪುವಾ ನ್ಯೂಗಿನಿಯ ಮಾರಿಂಗ್ ಜನ ಇದಕ್ಕೆ ಇನ್ನೂ ದೊಡ್ಡ ಕೆಲಸ ಒಪ್ಪಿಸಿದ್ದರು. ಅವರ ತ್ಸೆಂಬಗಾ ಪಂಗಡದ ನಡುವೆ 1962–63ರಲ್ಲಿ ಇದ್ದ ಮಾನವಶಾಸ್ತ್ರಜ್ಞ ರಾಯ್ ರಾಪಪೋರ್ಟ್, 1968ರ ‘ಪಿಗ್ಸ್ ಫಾರ್ ದಿ ಆನ್ಸೆಸ್ಟರ್ಸ್’ ಪುಸ್ತಕದಲ್ಲಿ ಅದನ್ನು ವಿವರಿಸಿದ್ದಾರೆ. ನೆರೆಯವರೊಂದಿಗೆ ಕಾದಾಟ ಮುಗಿದ ಮೇಲೆ, ನೆಲ ಬಿಟ್ಟು ಓಡದ ಪಂಗಡ ಈ ಗಿಡ ನೆಡುತ್ತಿತ್ತು. ಅವರ ಮಾತಿನಲ್ಲಿ ಇದು ‘ರುಂಬಿಂ’. ನೆಡುವಾಗ ಗಂಡಸರೆಲ್ಲ ಅದಕ್ಕೆ ಕೈ ತಾಗಿಸಬೇಕು. ಬೆಳೆದ ಹಂದಿಗಳನ್ನು ಕೊಂದು ಪಿತೃಗಳಿಗೆ ಅರ್ಪಿಸಿ, ಮಾಂಸವನ್ನು ನೆರವಿಗೆ ಬಂದವರಿಗೆ ಹಂಚಿದರೂ ಋಣ ಪೂರ್ತಿ ತೀರುತ್ತಿರಲಿಲ್ಲ. ಉಳಿದ ಬಾಕಿಗೆ ಸಾಲುವಷ್ಟು ಹಂದಿಗಳಾಗಲು ವರ್ಷಗಳೇ ಹಿಡಿಯುತ್ತಿದ್ದವು. ರುಂಬಿಂ ನೆಲದಲ್ಲಿರುವಷ್ಟು ಕಾಲ ಯುದ್ಧಕ್ಕೆ ಇಳಿಯುವಂತಿಲ್ಲ. ಹಂದಿಗಳು ಸಾಕಷ್ಟಾದಾಗಲೇ ಅದನ್ನು ಕೀಳುತ್ತಿದ್ದರು. ಆಮೇಲೆ ‘ಕೈಕೊ’ ಎಂಬ ದೀರ್ಘ ಹಬ್ಬ. ಅದೂ ಮುಗಿದರೆ ಮತ್ತೆ ಕಾದಾಡಲು ಅಡ್ಡಿಯಿಲ್ಲ. ಹಂದಿ ಸಾಕುವುದು ಹೆಂಗಸರ ಪಾಲಿನ ದುಡಿಮೆ. ಹಾಗಾಗಿ ಶಾಂತಿಯ ಅವಧಿ ಎಷ್ಟೆಂಬುದು ಗಂಡಸರ ಪಂಚಾಯಿತಿಗಿಂತ ಹೆಂಗಸರ ಬೆನ್ನು ನೋವನ್ನೇ ಹೆಚ್ಚು ಅವಲಂಬಿಸಿತ್ತು ಎಂದರೂ ನಡೆದೀತು.

ಪಾಲಿನೇಷ್ಯಾದ ನಾವಿಕರು ಈ ಗಿಡವನ್ನು ದೋಣಿಯಲ್ಲಿ ಹವಾಯಿವರೆಗೂ ಒಯ್ದರು. ಅಲ್ಲಿ ಮರ್ಯಾದೆಯೆಲ್ಲ ಹಸಿರು ಎಲೆಯ ಬಗೆಗೆ. ನಮ್ಮ ಬಾಳೆ ಎಲೆಯಂತೆ ಅದರಲ್ಲಿ ಮೀನು, ಮಾಂಸ ಸುತ್ತಿ ಬೇಯಿಸುತ್ತಾರೆ. ದಪ್ಪ ಬೇರನ್ನು ಕಾದ ಕಲ್ಲುಗಳ ನೆಲದೊಲೆಯಲ್ಲಿ ಹುಗಿದು ದಿನಗಟ್ಟಲೆ ಬೇಯಿಸಿದರೆ ಅದರ ಪಿಷ್ಟದಂಥ ಅಂಶ ಒಡೆದು ಸಕ್ಕರೆಯಾಗುತ್ತದೆ. ಯುರೋಪಿನವರು ಭಟ್ಟಿ ಇಳಿಸುವುದನ್ನು ಕಲಿಸಿದ ಮೇಲೆ ಅದೇ ಬೇರಿನಿಂದ ‘ಒಕೊಲೆಹಾವೊ’ ಎಂಬ ಸಾರಾಯಿಯೂ ಬಂತು.

ಮನೆಯಲ್ಲಿ ಬೆಳೆಸುವುದು ಸುಲಭ. ಎಲೆ ಉದುರಿ ಬೋಳಾದ ಕಾಂಡವನ್ನು ಎಸೆಯಬೇಡಿ. ಬೆರಳುದ್ದದ ತುಂಡು ಮಾಡಿ ತೇವದ ಮರಳಿನಲ್ಲಿ ಅಡ್ಡಲಾಗಿ ಅರ್ಧ ಹೂತರೆ ಗಿಣ್ಣುಗಳಿಂದ ಮೊಳಕೆ ಏಳುತ್ತದೆ. ಕತ್ತಲೆ ಮೂಲೆಯಲ್ಲಿಟ್ಟರೆ ನೇರಳೆ ಮಂಕಾಗುತ್ತದೆ, ಮಧ್ಯಾಹ್ನದ ಉರಿಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಬೆಳಗಿನ ಎಳೆಬಿಸಿಲು ಹಿತ. ಇದಕ್ಕೆ ಆಗದ ವಸ್ತು ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು ಹಾಕುತ್ತ ಬಂದರೆ ಎಲೆಯ ತುದಿ, ಅಂಚು ಕಂದಾಗಿ ಒಣಗುತ್ತದೆ. ಗೊಬ್ಬರ ಸಾಲದೆಂದು ಸೂಪರ್ ಫಾಸ್ಫೇಟ್ ಹಾಕಿದರೆ ಕೆಡುಕು ಇನ್ನಷ್ಟು, ಏಕೆಂದರೆ ಅದರಲ್ಲೂ ಫ್ಲೋರೈಡ್ ಇರುತ್ತದೆ. ಮಳೆನೀರು ಹಿಡಿದು ಹಾಕುವುದೇ ಮದ್ದು. ನಾಯಿ, ಬೆಕ್ಕು ಸಾಕಿದವರು ಕುಂಡವನ್ನು ಎತ್ತರದಲ್ಲಿಡಬೇಕು. ಎಲೆಯಲ್ಲಿರುವ ಸಪೋನಿನ್‌ನಿಂದ ಅವಕ್ಕೆ ವಾಂತಿಯಾಗುತ್ತದೆ.