ಪರ್ಮಿಟ್ಟೇ ಇಲ್ಲದ ನಾಡಿನಲ್ಲಿ ಪರ್ಮಿಟ್ ಶುಲ್ಕದ ಲೆಕ್ಕ

ಸೌದಿಯಲ್ಲಿ ಓದುತ್ತಿರುವ ನಮ್ಮನ್ನು ಊರಿನ ಗೆಳೆಯರು ತಪ್ಪದೆ ಕೇಳೋ ಪ್ರಶ್ನೆ: "ಅಲ್ಲಿ ಬಾರೇ ಇಲ್ವಂತೆ, ಹೌದಾ?" ಹೌದು. ಇಲ್ಲಿ 1952ರಿಂದ ಮದ್ಯ ನಿಷೇಧವಿದೆ. ಹೋಟೆಲ್ಲಿಗಾಗಲಿ, ಬೌಲಿಂಗ್ ಸೆಂಟರಿಗಾಗಲಿ, ಕಡಲತೀರದ ರೆಸಾರ್ಟಿಗಾಗಲಿ ಮದ್ಯದ ಪರ್ಮಿಟ್ಟೇ ಸಿಗೋದಿಲ್ಲ. ಇನ್ನು ಶುಲ್ಕದ ಮಾತೆಲ್ಲಿ?

ನಮ್ಮ ಕರ್ನಾಟಕದಲ್ಲಿ ಉಲ್ಟಾ. ಅಬಕಾರಿ ಇಲಾಖೆಯ 'ಸನ್ನದು' ಇದ್ದರೆ ಮಾತ್ರ ವ್ಯಾಪಾರ. ಚಿಲ್ಲರೆ ಅಂಗಡಿಗೆ ಸಿಎಲ್-2, ಕ್ಲಬ್ಬಿಗೆ ಸಿಎಲ್-4, ವಸತಿಯಿರುವ ಹೋಟೆಲ್ಲಿಗೆ ಸಿಎಲ್-7, ಬಾರ್ ಅಂಡ್ ರೆಸ್ಟೋರೆಂಟಿಗೆ ಸಿಎಲ್-9. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತೆ. ವಾರ್ಷಿಕ ಶುಲ್ಕ ನಿಗದಿಯಾಗೋದು ಊರಿನ ಜನಸಂಖ್ಯೆ ನೋಡಿ, ಅಂಗಡಿಯ ವ್ಯಾಪಾರ ನೋಡಿ ಅಲ್ಲ.

ಸಣ್ಣವರಿಗೆ ಪೆಟ್ಟು ಬೀಳೋದು ಇಲ್ಲೇ. ಲೆಕ್ಕಕ್ಕಾಗಿ ಶುಲ್ಕ 6 ಲಕ್ಷ ರೂಪಾಯಿ ಅಂತಿಟ್ಟುಕೊಳ್ಳೋಣ. ದಿನಕ್ಕೆ ಸುಮಾರು 1,644 ರೂಪಾಯಿ ಆಯ್ತು. ದಿನಕ್ಕೆ 200 ಗಿರಾಕಿ ಬರುವ ಕಡೆ ತಲೆಗೆ 8 ರೂಪಾಯಿ. 20 ಜನ ಬರುವ ಕಡೆ 82 ರೂಪಾಯಿ. ಮಳೆಗಾಲದಲ್ಲಿ ಗಿರಾಕಿ ಬಾರದಿದ್ದರೂ ಶುಲ್ಕ ಒಂದು ಪೈಸೆ ಇಳಿಯೋದಿಲ್ಲ. ಮೇಲಾಗಿ 1992ರಿಂದ ದಶಕಗಳ ಕಾಲ ಸಿಎಲ್-2, ಸಿಎಲ್-9 ಸನ್ನದುಗಳನ್ನು ಹೊಸದಾಗಿ ಕೊಡಲಿಲ್ಲ. ಹಾಗಾಗಿ ಹಳೇ ಸನ್ನದಿಗೇ ದೊಡ್ಡ ಬೆಲೆ ಬಂತು.

ಸೌದಿಯಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಶಿಶಾ, ಅಂದರೆ ಹುಕ್ಕಾ. ಕೆಫೆಗಳ ಸಂಜೆ ವ್ಯಾಪಾರಕ್ಕೆ ಅದೇ ಆಸರೆ. 2017ರಲ್ಲಿ ತಂಬಾಕಿನ ಮೇಲೆ 100% ಅಬಕಾರಿ ತೆರಿಗೆ ಬಂತು. 2019ರ ಅಕ್ಟೋಬರಿನಲ್ಲಿ ಶಿಶಾ ಕೊಡುವ ಕೆಫೆಗಳ ಬಿಲ್ಲಿನ ಮೇಲೂ 100% ಶುಲ್ಕ ಬಿತ್ತು. ಶಿಶಾಕ್ಕಷ್ಟೇ ಅಲ್ಲ, ಆಗ ಪೂರ್ತಿ ಬಿಲ್ಲಿಗೆ! 40 ರಿಯಾಲ್ ಶಿಶಾ, 20 ರಿಯಾಲ್ ಚಹಾ-ತಿಂಡಿ ಅಂದ್ರೆ 60 ಇದ್ದದ್ದು 120. ಜನ ಬಿಲ್ಲಿನ ಫೋಟೋ ಟ್ವಿಟರಿನಲ್ಲಿ ಹಾಕಿ ಗೊಣಗಿದ್ದೇ ಗೊಣಗಿದ್ದು.

ಎರಡರ ವ್ಯತ್ಯಾಸ ಗಮನಿಸಿ. ಸನ್ನದು ಶುಲ್ಕ ಮಾಲೀಕನ ಜೇಬಿನಿಂದ ಮುಂಗಡವಾಗಿ ಹೋಗುತ್ತೆ. ಬಿಲ್ಲಿನ ಶುಲ್ಕ ವ್ಯಾಪಾರದ ಜೊತೆ ಏರಿಳಿಯುತ್ತೆ, ಆದರೆ ಗಿರಾಕಿಯನ್ನೇ ಓಡಿಸಬಹುದು. ಸಣ್ಣ ಅಂಗಡಿಯ ದೃಷ್ಟಿಯಿಂದ, ವಹಿವಾಟಿಗೆ ತಕ್ಕಂತೆ ಹಂತಹಂತವಾಗಿ ಏರುವ ಶುಲ್ಕವೇ ನ್ಯಾಯ ಅನ್ನೋದು ನಮ್ಮ ಅನಿಸಿಕೆ.

ಕೊನೆಗೆ, ಹೊಸದಾಗಿ ಬರುವ ತಮ್ಮ-ತಂಗಿಯರಿಗೆ ಒಂದು ಮಾತು. 2024ರ ಜನವರಿಯಲ್ಲಿ ರಿಯಾದಿನಲ್ಲಿ ಮದ್ಯದಂಗಡಿ ತೆರೆಯುವ ಸುದ್ದಿ ಓದಿ "ಎಲ್ಲ ಸಡಿಲ ಆಯ್ತು" ಅಂದ್ಕೋಬೇಡಿ. ಅದು ಬಂದದ್ದು ಮುಸ್ಲಿಮೇತರ ರಾಜತಾಂತ್ರಿಕರಿಗಾಗಿ, ವಿದ್ಯಾರ್ಥಿಗಳಿಗಲ್ಲ. 2034ರ ಫುಟ್‌ಬಾಲ್ ವಿಶ್ವಕಪ್‌ನಲ್ಲೂ ಮದ್ಯ ಇರಲ್ಲ ಅಂತ ಬ್ರಿಟನ್ನಿನಲ್ಲಿರುವ ಸೌದಿ ರಾಯಭಾರಿ 2025ರಲ್ಲೇ ಹೇಳಿದ್ದಾರೆ. ಸಿಕ್ಕಿಬಿದ್ದರೆ ದಂಡ, ಜೈಲು, ಗಡೀಪಾರು ಯಾವುದೂ ಆಗಬಹುದು. ಡಿಗ್ರಿ ಅರ್ಧಕ್ಕೇ ನಿಲ್ಲುತ್ತೆ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ತನ್ನಿ, ಸಾಕು.