ಸಮುದ್ರದ ಸೂಕ್ಷ್ಮಜೀವಿಗಳೂ ಸಾರಜನಕದ ಸಂಚಾರವೂ

ನಾವು ಉಸಿರಾಡುವ ವಾಯುವಿನಲ್ಲಿ ನೂರಕ್ಕೆ 78 ಪಾಲು ಸಾರಜನಕವೆಂಬುದನ್ನು ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಗಿಡದ ಎಲೆಯಾಗಲಿ, ಮೀನಿನ ಮಾಂಸವಾಗಲಿ, ಮನುಷ್ಯನ ರಕ್ತವಾಗಲಿ ಸಾರಜನಕವಿಲ್ಲದೆ ಉಂಟಾಗಲಾರದು. ಆದರೂ ಇಷ್ಟೊಂದು ಸಮೃದ್ಧಿಯ ನಡುವೆ ಸಸ್ಯಗಳು ಅದಕ್ಕಾಗಿ ಹಸಿದೇ ಇರುತ್ತವೆ. ವಾಯುವಿನ ಸಾರಜನಕದ ಪರಮಾಣುಗಳು ಎರಡೆರಡಾಗಿ ಬಹು ಬಿಗಿಯಾಗಿ ಬೆಸೆದುಕೊಂಡಿರುವುದರಿಂದ, ಆ ಬೆಸುಗೆಯನ್ನು ಬಿಡಿಸುವುದು ಮಿಂಚಿಗೂ ಕೆಲವು ಸೂಕ್ಷ್ಮಜೀವಿಗಳಿಗೂ ಹೊರತು ಪ್ರಕೃತಿಯಲ್ಲಿ ಮತ್ತಾರಿಗೂ ಸಾಧ್ಯವಿಲ್ಲ. ಹುರುಳಿ, ಅಲಸಂದೆ ಗಿಡಗಳ ಬೇರಿನ ಗಂಟುಗಳಲ್ಲಿ ಇಂಥ ಜೀವಿಗಳಿರುವುದನ್ನು ಅನೇಕರು ಓದಿರುವರು. ಸಮುದ್ರದಲ್ಲಿಯೂ ಅವುಗಳ ಬಂಧುಗಳುಂಟೆಂಬುದನ್ನೂ, ಅಲ್ಲಿಯ ವ್ಯವಹಾರವು ಕೆಟ್ಟರೆ ನಮ್ಮ ಕರಾವಳಿಗೆ ಏನಾಗುವುದೆಂಬುದನ್ನೂ ಇಲ್ಲಿ ವಿವರಿಸಲು ಯತ್ನಿಸುವೆನು.

ಫೆಬ್ರವರಿಯಿಂದ ಮೇ ತಿಂಗಳವರೆಗೆ, ಕಡಲು ಶಾಂತವಾಗಿರುವ ದಿನಗಳಲ್ಲಿ, ನಮ್ಮ ಪಶ್ಚಿಮ ತೀರದ ನೀರಿನ ಮೇಲೆ ಮರ ಕೊಯ್ದ ಹುಡಿಯಂತಹ ಕಂದು ಪದಾರ್ಥವು ಪಟ್ಟೆಪಟ್ಟೆಯಾಗಿ ತೇಲುವುದುಂಟು. 1770ರಲ್ಲಿ ಕ್ಯಾಪ್ಟನ್ ಕುಕ್ಕನ ನಾವಿಕರು ಆಸ್ಟ್ರೇಲಿಯದ ಕಡೆ ಇದನ್ನೇ ಕಂಡು ‘ಸಮುದ್ರದ ಮರದ ಹುಡಿ’ ಎಂದು ಕರೆದರು. ಇದು ಕಸವಲ್ಲ, ಟ್ರೈಕೊಡೆಸ್ಮಿಯಂ ಎಂಬ ಸೂಕ್ಷ್ಮಜೀವಿಯ ಎಳೆಗಳ ಕಟ್ಟು. 1823ರಲ್ಲಿ ಏರೆನ್‌ಬರ್ಗ್ ಎಂಬ ಜರ್ಮನ್ ಪಂಡಿತನು ಕೆಂಪು ಸಮುದ್ರದ ಟೋರ್ ಎಂಬಲ್ಲಿ ಇದನ್ನು ನೋಡಿದನು. ಬಿಸಿಲಿನ ಬಲದಿಂದ ಇದು ವಾಯುವಿನ ಸಾರಜನಕವನ್ನು ಹಿಡಿದು ಕಡಲಿನ ಆಹಾರಕ್ಕೆ ಸೇರಿಸುತ್ತದೆ. ಹೊಲಕ್ಕೆ ಗೊಬ್ಬರವನ್ನು ನಾವು ಹೊತ್ತು ಹಾಕಬೇಕು. ಕಡಲಿಗೆ ಇಂಥ ಜೀವಿಗಳೇ ಗೊಬ್ಬರ ಹಾಕುವವರು.

ಹೀಗೆ ಒಳಗೆ ಬಂದ ಸಾರಜನಕವು ಪಾಚಿಯಿಂದ ಮೀನಿಗೆ, ಮೀನಿನಿಂದ ಮೀನಿಗೆ ಸಂಚರಿಸುತ್ತದೆ. ಸತ್ತುದೆಲ್ಲವೂ ಕೊಳೆತಾಗ ಅದು ಅಮೋನಿಯಾ ಆಗುವುದು. ಬೇರೊಂದು ಪಂಗಡದ ಸೂಕ್ಷ್ಮಜೀವಿಗಳು ಆ ಅಮೋನಿಯಾವನ್ನು ಆಮ್ಲಜನಕದೊಡನೆ ಕೂಡಿಸಿ ಕ್ರಮವಾಗಿ ನೈಟ್ರೇಟು ಎಂಬ ಲವಣವನ್ನಾಗಿ ಮಾರ್ಪಡಿಸುತ್ತವೆ. ಈ ಕೆಲಸದ ಮೊದಲ ಹಂತದಲ್ಲಿ ಮುಖ್ಯವಾದ ಒಂದು ಜೀವಿಯು ವಿಜ್ಞಾನಿಗಳಿಗೆ ಸಿಕ್ಕಿದುದು ಮಹಾಸಾಗರದ ಆಳದಲ್ಲಲ್ಲ, ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯವೊಂದರ ತೊಟ್ಟಿಯ ಜಲ್ಲಿಕಲ್ಲಿನಲ್ಲಿ, 2005ರಲ್ಲಿ.

ಇನ್ನು ವ್ಯವಹಾರದ ಇನ್ನೊಂದು ಮುಖ. ಬಹುಕಾಲ ಮುಚ್ಚಿದ್ದ ಬಾವಿಗೆ ಇಳಿಯುವ ಮೊದಲು ನಮ್ಮ ಹಿರಿಯರು ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರಷ್ಟೆ. ದೀಪ ಆರಿದರೆ ಅಲ್ಲಿ ಆಮ್ಲಜನಕವಿಲ್ಲವೆಂದು ತಿಳಿಯುತ್ತಿದ್ದರು. ಅರಬ್ಬೀ ಸಮುದ್ರದ ನಡುನೀರು ಅಂಥದೊಂದು ಬಾವಿ. ಸುಮಾರು 150 ಮೀಟರಿನಿಂದ 1000 ಮೀಟರಿನ ಆಳದವರೆಗೆ ಅಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಕಡಿಮೆ. ಉತ್ತರದಲ್ಲಿ ನೆಲವು ಅಡ್ಡಗಟ್ಟಿರುವುದರಿಂದ ಹೊಸ ನೀರು ದಕ್ಷಿಣದಿಂದ ನಿಧಾನವಾಗಿ ಬರಬೇಕು. ಮೇಲಿನಿಂದಲಾದರೋ ಕೊಳೆಯುವ ಪದಾರ್ಥವು ಎಡೆಬಿಡದೆ ಬೀಳುತ್ತಿರುವುದು. ಉಸಿರಿಗೆ ಆಮ್ಲಜನಕ ಸಿಗದೆ ಹೋದಾಗ ಅಲ್ಲಿಯ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತು ಬಳಸಿ, ಉಳಿದ ಸಾರಜನಕವನ್ನು ವಾಯುರೂಪದಲ್ಲಿ ಬಿಟ್ಟುಬಿಡುತ್ತವೆ. ಟ್ರೈಕೊಡೆಸ್ಮಿಯಂ ಕೂಡಿಟ್ಟುದನ್ನು ಇವು ಖರ್ಚುಮಾಡುತ್ತವೆ. ತೆರೆದ ಸಾಗರದಲ್ಲಿ ಈ ಖರ್ಚು ಬಹುವಾಗಿ ನಡೆಯುವ ಸ್ಥಳಗಳು ಪ್ರಪಂಚದಲ್ಲಿ ಮೂರೇ: ಎರಡು ಪೆಸಿಫಿಕ್ ಸಾಗರದ ಪೂರ್ವಭಾಗದಲ್ಲಿ, ಮೂರನೆಯದು ನಮ್ಮ ನೆರೆಯಲ್ಲಿ.

ನಡುಗಡಲಿನ ಈ ಸಂಗತಿ ನಮಗೇಕೆ ಎಂದು ಕೇಳಬಹುದು. ನೈರುತ್ಯ ಮಳೆಗಾಲದಲ್ಲಿ ಆಳದ ನೀರು ಮೇಲೆದ್ದು ದಡದ ಸಮೀಪಕ್ಕೆ ಬರುತ್ತದೆ. ಅದರೊಡನೆ ಬರುವ ನೈಟ್ರೇಟಿನಿಂದ ಪಾಚಿಯೂ ಮೀನೂ ಹೆಚ್ಚುವುದು ನಿಜ. ಬೂತಾಯಿ, ಬಂಗುಡೆಗಳ ಸುಗ್ಗಿಗೆ ಈ ನೀರೇ ಆಧಾರ. ಆದರೆ ಅದು ಮೊದಲೇ ಆಮ್ಲಜನಕ ಕಡಿಮೆಯಾದ ನೀರು. ಅದರ ಮೇಲೆ ಮಳೆಯ ಮತ್ತು ಹೊಳೆಗಳ ಸಿಹಿನೀರು ಕೆಲವೇ ಮೀಟರು ದಪ್ಪವಾಗಿ ಹರಡಿ, ಪಾತ್ರೆಗೆ ಮುಚ್ಚಳವಿಟ್ಟಂತೆ ಗಾಳಿಯನ್ನು ತಡೆಯುತ್ತದೆ. ಕೆಳಗೆ ಕೊಳೆತ ನಡೆದೇ ಇರುವುದು. ಮೊದಲು ಆಮ್ಲಜನಕ ತೀರುತ್ತದೆ, ಆಮೇಲೆ ನೈಟ್ರೇಟು, ಕಟ್ಟಕಡೆಗೆ ಸಮುದ್ರದ ಗಂಧಕ ಲವಣಗಳ ಸರದಿ ಬಂದು, ಕೊಳೆತ ಮೊಟ್ಟೆಯ ನಾತದ ವಿಷವಾಯು ಹುಟ್ಟುತ್ತದೆ. 1999ರ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಪಶ್ಚಿಮ ತೀರದುದ್ದಕ್ಕೂ ಈ ಸ್ಥಿತಿ ಬಹಳ ತೀವ್ರವಾಗಿದ್ದುದನ್ನು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಅವರ ಸಂಗಡಿಗರು ಅಳೆದು, 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ತಳದಲ್ಲಿ ವಾಸಿಸುವ ಸಿಗಡಿ, ನಂಗು ಮೊದಲಾದುವು ಇಂಥ ನೀರಿನಿಂದ ಓಡಬಲ್ಲವಾದರೆ ಓಡುತ್ತವೆ. ಚಿಪ್ಪಿನ ಜೀವಿಗಳು ಎಲ್ಲಿಗೆ ಹೋಗಿಯಾವು? ಜೂನ್ ಜುಲೈಗಳ ನಿಷೇಧ ಮುಗಿದು ಆಗಸ್ಟಿನಲ್ಲಿ ನಮ್ಮ ದೋಣಿಗಳು ಕಡಲಿಗಿಳಿಯುವ ಹೊತ್ತಿಗೆ ಸರಿಯಾಗಿ ತಳದ ನೀರು ಈ ದುಃಸ್ಥಿತಿಗೆ ಇಳಿಯುತ್ತಿರುವುದು.

ಮೇಲಿನ ಲೇಖನದಲ್ಲಿ ಮತ್ತೊಂದು ಮುಖ್ಯ ಸಂಗತಿಯಿತ್ತು. ಆಮ್ಲಜನಕವು ಪೂರ್ತಿ ಇಲ್ಲದೆಯೂ ಇಲ್ಲ, ಸಾಕಷ್ಟು ಇದೆಯೆನ್ನುವಂತೆಯೂ ಇಲ್ಲ ಎಂಬಂಥ ನೀರಿನಲ್ಲಿ ಸೂಕ್ಷ್ಮಜೀವಿಗಳ ಕೆಲಸವು ಅರ್ಧಕ್ಕೆ ನಿಂತು ನೈಟ್ರಸ್ ಆಕ್ಸೈಡು ಹುಟ್ಟುತ್ತದೆ. ಹಿಂದೆ ಹಲ್ಲು ಕೀಳುವ ವೈದ್ಯರು ನೋವು ತಿಳಿಯದಂತೆ ಕೊಡುತ್ತಿದ್ದ ‘ನಗೆ ಅನಿಲ’ವೇ ಇದು. ಆದರೆ ಆಕಾಶವನ್ನು ಸೇರಿದರೆ ನಗುವ ವಿಷಯವಲ್ಲ: ತೂಕಕ್ಕೆ ತೂಕ ಹೋಲಿಸಿದರೆ ಇಂಗಾಲಾಮ್ಲಕ್ಕಿಂತ ಸುಮಾರು 270 ಮಡಿ ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುತ್ತದೆ, ನೂರು ವರ್ಷಕ್ಕೂ ಮೀರಿ ಉಳಿಯುತ್ತದೆ. ಆ ವರ್ಷ ನಮ್ಮ ತೀರದ ನೀರಿನಲ್ಲಿ ಅದು ಅತ್ಯಧಿಕ ಪ್ರಮಾಣದಲ್ಲಿ ಕಂಡುಬಂದಿತು.

ಇದರಲ್ಲಿ ಮನುಷ್ಯನ ಕೈ ಎಷ್ಟು? ಹಾಬರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು 1909ರಲ್ಲಿ ವಾಯುವಿನಿಂದ ಅಮೋನಿಯಾ ಮಾಡಿ ತೋರಿಸಿದನು. 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆಯೇ ನಡೆಯತೊಡಗಿತು. ಅದರಿಂದ ಕೋಟ್ಯಂತರ ಜನರಿಗೆ ಅನ್ನ ದೊರೆತುದನ್ನು ಮರೆಯಬಾರದು. ಆದರೆ ಪೈರು ಹೀರದೆ ಬಿಟ್ಟ ಗೊಬ್ಬರವು ಹೊಳೆಹಿಡಿದು ಕಡಲಿಗೆ ಸೇರುತ್ತದೆ. ನಮ್ಮ ತೀರದಲ್ಲಿ ಗೊಬ್ಬರದ ಪಾಲು ಹೆಚ್ಚೋ, ಗಾಳಿ ಪ್ರವಾಹಗಳ ವರ್ಷವರ್ಷದ ಏರಿಳಿತದ ಪಾಲು ಹೆಚ್ಚೋ ಎಂಬುದರಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವುಂಟು. ಎರಡನೆಯದನ್ನು ಕಡೆಗಣಿಸುವಂತಿಲ್ಲವೆಂದೇ ನನಗೆ ತೋರುತ್ತದೆ. ಕಡಲಿನ ಬಿಸಿಯ ವಿಷಯದಲ್ಲಾದರೋ ಸಂಶಯವಿಲ್ಲ. ಬಿಸಿನೀರು ತಣ್ಣೀರಿನಷ್ಟು ಆಮ್ಲಜನಕವನ್ನು ಹಿಡಿದಿಡಲಾರದು. 1960ರಿಂದೀಚೆಗಿನ ಸುಮಾರು ಐವತ್ತು ವರ್ಷಗಳಲ್ಲಿ ಮಹಾಸಾಗರಗಳು ತಮ್ಮ ಆಮ್ಲಜನಕದಲ್ಲಿ ನೂರಕ್ಕೆ ಎರಡು ಪಾಲನ್ನು ಕಳೆದುಕೊಂಡಿವೆ.

ಗೋವೆಯ ಕಾಂದೋಳಿಯ ಎದುರು, ಸುಮಾರು 27 ಮೀಟರು ಆಳದ ಒಂದೇ ಸ್ಥಳದಲ್ಲಿ, ಆ ಸಂಸ್ಥೆಯವರು 1997ರಿಂದ ನೀರನ್ನು ಮೇಲೆತ್ತಿ ಪರೀಕ್ಷಿಸಲು ಆರಂಭಿಸಿದರು. ಮಳೆಗಾಲ ಮುಂದುವರಿದಂತೆ ಅಲ್ಲಿಯ ತಳದ ನೀರಿನಲ್ಲಿ ಆಮ್ಲಜನಕ ಇಳಿಯುವುದು. ಸೆಪ್ಟೆಂಬರಿನ ಸುಮಾರಿಗೆ ಕೊಳೆತ ಮೊಟ್ಟೆಯ ವಾಸನೆ ಕಾಣಿಸಿಕೊಳ್ಳುವುದು. ವರ್ಷದ ಕೊನೆಗೆ ಪ್ರವಾಹವು ದಿಕ್ಕು ಬದಲಿಸಿ, ಹೊಸ ನೀರು ಬಂದು, ತಳವು ಮತ್ತೆ ಉಸಿರಾಡತೊಡಗುವುದು.